ಟ್ರಾಫಿಕ್ ಓಡ್ತಾ ಇದೆ, ಅಲಾರಂ ಮಾತ್ರ ನಿಂತಿಲ್ಲ: ಮಾಡ್ಯುಲರ್ ಸ್ವಿಚ್‌ನಲ್ಲಿ ಹಾರ್ಡ್‌ವೇರ್ ದೋಷ ಪತ್ತೆ ಮಾಡುವ ಬಗೆ

ಮಾಡ್ಯುಲರ್ ಸ್ವಿಚ್ ಅಂದರೆ ಭಾಗಗಳನ್ನು ಬಿಡಿಬಿಡಿಯಾಗಿ ಕೂರಿಸಿ ತೆಗೆಯಬಹುದಾದ ದೊಡ್ಡ ನೆಟ್‌ವರ್ಕ್ ಸ್ವಿಚ್. ಅದರಲ್ಲಿ ಮುಖ್ಯ ಭಾಗಗಳಿಗೆಲ್ಲ ಒಂದು ಬದಲಿ ಇರುತ್ತದೆ. ಎರಡು ಸೂಪರ್‌ವೈಸರ್ (ಸ್ವಿಚ್‌ನ ಮಿದುಳು), ಹಲವು ಪವರ್ ಸಪ್ಲೈ, ಹಲವು ಫ್ಯಾನ್ ಟ್ರೇ, ಹಿಂಬದಿಯಲ್ಲಿ ಸಾಲಾಗಿ ಫ್ಯಾಬ್ರಿಕ್ ಮಾಡ್ಯೂಲ್‌ಗಳು (ಕಾರ್ಡ್‌ಗಳ ನಡುವೆ ಡೇಟಾ ಸಾಗಿಸುವವು). ಒಂದು ಹೋದರೆ ಉಳಿದವು ಹೊರೆ ಹೊರುತ್ತವೆ. ಕೆಲಸ ಮಾಡುತ್ತಿರುವವರಿಗೆ ಏನೂ ಗೊತ್ತಾಗುವುದಿಲ್ಲ. ಯಾರೂ ಫೋನ್ ಮಾಡುವುದಿಲ್ಲ, ಟಿಕೆಟ್ ಬರುವುದಿಲ್ಲ. ಹೀಗಾಗಿ ಮೊದಲ ದೋಷವನ್ನು ನಮಗೆ ಹೇಳುವುದು ಅಲಾರಂ ಒಂದೇ. ಅದನ್ನು ಬಿಟ್ಟರೆ ಮುಂದಿನ ಸುದ್ದಿ ಎರಡನೇ ದೋಷದಿಂದಲೇ ಬರುತ್ತದೆ. ಅಷ್ಟು ಹೊತ್ತಿಗೆ ಇಡೀ ಕಟ್ಟಡದ ನೆಟ್‌ವರ್ಕ್ ಬಿದ್ದಿರುತ್ತದೆ.

ಆದ್ದರಿಂದ ಅಲಾರಂ ಕಂಡ ಕೂಡಲೇ ‘ಏನು ಕೆಟ್ಟಿದೆ’ ಅಂತ ಹುಡುಕಲು ಹೊರಡಬೇಡಿ. ಅದಕ್ಕೂ ಮುಂಚೆ ‘ಈಗ ನನ್ನ ಹತ್ತಿರ ಬದಲಿಯಾಗಿ ಏನು ಉಳಿದಿದೆ’ ಅಂತ ನೋಡಿಕೊಳ್ಳಿ. ಎರಡನೇ ಪ್ರಶ್ನೆಗೆ ಉತ್ತರ ‘ಏನೂ ಇಲ್ಲ’ ಎಂದಾದರೆ ಕೈ ಹಾಕುವ ರೀತಿಯೇ ಬೇರೆ.

ಇಲ್ಲಿ ಉದಾಹರಣೆಗೆ ಸಿಸ್ಕೋದ ನೆಕ್ಸಸ್ 9508 ಇಟ್ಟುಕೊಂಡಿದ್ದೇನೆ. ಎಂಟು ಲೈನ್ ಕಾರ್ಡ್ (ಪೋರ್ಟ್‌ಗಳಿರುವ ಕಾರ್ಡ್) ಸ್ಲಾಟ್ ಇರುವ ಷಾಸಿ, ಅಂದರೆ ಭಾಗಗಳೆಲ್ಲ ಕೂರುವ ಪೆಟ್ಟಿಗೆ ಇದು. ಫ್ಯಾಬ್ರಿಕ್ ಮಾಡ್ಯೂಲ್‌ಗಳು 21ರಿಂದ 26ನೇ ಸ್ಲಾಟ್‌ನಲ್ಲಿ, ಸೂಪರ್‌ವೈಸರ್‌ಗಳು 27 ಮತ್ತು 28ರಲ್ಲಿ, ಸಿಸ್ಟಂ ಕಂಟ್ರೋಲರ್‌ಗಳು 29 ಮತ್ತು 30ರಲ್ಲಿ. ನಿಮ್ಮಲ್ಲಿ ಬೇರೆ ಕಂಪನಿಯ ಪೆಟ್ಟಿಗೆ ಇದ್ದರೆ ಕಮಾಂಡ್‌ಗಳ ಹೆಸರು ಬೇರೆ ಇರುತ್ತದೆ. ಹುಡುಕುವ ದಾರಿ ಹೆಚ್ಚು ಕಡಿಮೆ ಇದೇ.

ಮುಟ್ಟುವ ಮೊದಲು ಬರೆದಿಟ್ಟುಕೊಳ್ಳಿ

ಕಾರ್ಡ್ ಒಮ್ಮೆ ಎಳೆದು ಮತ್ತೆ ಕೂರಿಸಿದರೆ ಅಲಾರಂ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೇ ಸಾಕ್ಷಿಯೂ ಹೋಗುತ್ತದೆ. ಹದಿನೈದು ದಿನ ಬಿಟ್ಟು ಅದೇ ಅಲಾರಂ ಮತ್ತೆ ಬಂದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಅದಕ್ಕೇ ಮೊದಲು ಟರ್ಮಿನಲ್‌ನಲ್ಲಿ ಲಾಗ್ ಉಳಿಸುವುದನ್ನು ಆನ್ ಮಾಡಿ. ಆಮೇಲೆ ಇವನ್ನು ಓಡಿಸಿ: ‘ಶೋ ಕ್ಲಾಕ್’, ‘ಶೋ ಮಾಡ್ಯೂಲ್’, ‘ಶೋ ಎನ್ವಿರಾನ್‌ಮೆಂಟ್’, ‘ಶೋ ಲಾಗಿಂಗ್ ಲಾಗ್‌ಫೈಲ್’, ‘ಶೋ ಲಾಗಿಂಗ್ ಎನ್‌ವಿರಾಮ್’, ‘ಶೋ ಸಿಸ್ಟಂ ರೀಸೆಟ್ ರೀಸನ್’. ಎನ್‌ವಿರಾಮ್ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಒಳಗಿನ ಲಾಗ್ ಸ್ವಿಚ್ ರೀಲೋಡ್ ಆದರೂ ಉಳಿಯುತ್ತದೆ. ಅದರಲ್ಲಿ ತೀರಾ ಗಂಭೀರ ಸಂದೇಶಗಳಷ್ಟೇ ಇರುವುದರಿಂದ ಓದಲು ಸಲೀಸು. ‘ಶೋ ಅಕೌಂಟಿಂಗ್ ಲಾಗ್’ ಸಹ ತೆಗೆದುಕೊಳ್ಳಿ. ಯಾರೋ ಒಂದು ಮಾಡ್ಯೂಲನ್ನು ಕಮಾಂಡ್ ಕೊಟ್ಟೇ ಆಫ್ ಮಾಡಿ ಮರೆತಿದ್ದರೆ ಅದು ಇಲ್ಲಿ ಸಿಗುತ್ತದೆ.

‘ಶೋ ಕ್ಲಾಕ್’ ಯಾಕೆ ಅಂದರೆ, ಮುಂದೆ ಸ್ವಿಚ್‌ನ ಲಾಗನ್ನು ಯುಪಿಎಸ್‌ನ ಲಾಗ್ ಪಕ್ಕ ಇಟ್ಟು ನೋಡಬೇಕಾಗುತ್ತದೆ. ಗಡಿಯಾರ ನಾಲ್ಕು ನಿಮಿಷ ಹಿಂದೆ ಇದ್ದರೂ ಲೆಕ್ಕ ತಪ್ಪುತ್ತದೆ.

ಒಂದು ಮಾತು ಮನಸ್ಸಿನಲ್ಲಿರಲಿ. ಅಲಾರಂ ಹೇಳುವುದು ‘ಇಲ್ಲಿ ಏನೋ ಸರಿಯಿಲ್ಲ ಅಂತ ನನಗೆ ಕಾಣುತ್ತಿದೆ’ ಎಂದಷ್ಟೇ. ಕೆಟ್ಟ ಭಾಗ ಬೇರೆಲ್ಲೋ ಇರಬಹುದು. ಈ ಷಾಸಿಯಲ್ಲಿ ಪವರ್ ಸಪ್ಲೈ ಮತ್ತು ಫ್ಯಾನ್‌ಗಳ ಮೇಲೆ ಕಣ್ಣಿಡುವ ಕೆಲಸ ಸಿಸ್ಟಂ ಕಂಟ್ರೋಲರ್‌ಗಳದ್ದು. ನಾಲ್ಕು ಪವರ್ ಸಪ್ಲೈ, ಎರಡು ಫ್ಯಾನ್ ಟ್ರೇ ಒಂದೇ ಕ್ಷಣದಲ್ಲಿ ‘ಆಬ್ಸೆಂಟ್’ ಎಂದು ಬಂದರೆ ಆರೂ ಒಟ್ಟಿಗೆ ಸತ್ತಿರುವುದಿಲ್ಲ, ಅಲ್ವಾ? ಹತ್ತಿರ ಹೋಗಿ ನೋಡಿ. ಫ್ಯಾನ್ ತಿರುಗುತ್ತಿದೆ, ಸಪ್ಲೈ ಮೇಲೆ ಹಸಿರು ದೀಪ ಇದೆ ಎಂದಾದರೆ ನೋಡುವ ಕಣ್ಣಿಗೇ ತೊಂದರೆ. 29, 30ನೇ ಸ್ಲಾಟ್ ಕಡೆ ಗಮನ ಕೊಡಿ.

ಪವರ್: ಎರಡು ಸಾಲು ಓದಿದರೆ ಅರ್ಧ ಕೆಲಸ ಮುಗಿಯಿತು

‘ಶೋ ಎನ್ವಿರಾನ್‌ಮೆಂಟ್ ಪವರ್’ ಕೊಟ್ಟರೆ ಮೇಲೆ ಪ್ರತಿ ಸಪ್ಲೈಗೆ ಒಂದು ಸಾಲು ಬರುತ್ತದೆ. ಮಾದರಿ, ಎಷ್ಟು ಕೊಡುತ್ತಿದೆ, ಎಷ್ಟು ಕೊಡಬಲ್ಲದು, ಸ್ಥಿತಿ. ಸಾಮಾನ್ಯವಾಗಿ ಎಲ್ಲರೂ ಇಲ್ಲಿ ‘ಓಕೆ’ ಇದೆಯಾ ಅಂತ ನೋಡಿ ಮುಂದೆ ಹೋಗುತ್ತಾರೆ. ನಿಜವಾದ ವಿಷಯ ಕೆಳಗೆ, ಪವರ್ ಬಳಕೆಯ ಸಾರಾಂಶದಲ್ಲಿದೆ. ಅಲ್ಲಿ ರಿಡಂಡೆನ್ಸಿ ಮೋಡ್, ಅಂದರೆ ಬದಲಿ ಇಟ್ಟುಕೊಳ್ಳುವ ರೀತಿ, ಎರಡು ಸಲ ಬರುತ್ತದೆ. ಒಂದು ಸಾಲಿನ ಕೊನೆಗೆ ‘ಕಾನ್ಫಿಗರ್ಡ್’ ಅಂತ, ಇನ್ನೊಂದರಲ್ಲಿ ‘ಆಪರೇಶನಲ್’ ಅಂತ. ಮೊದಲನೆಯದು ನೀವು ಕೇಳಿದ್ದು, ಎರಡನೆಯದು ಈಗ ನಿಮಗೆ ಸಿಗುತ್ತಿರುವುದು. ಎರಡೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ, ಎಲ್ಲ ದೀಪಗಳೂ ಹಸಿರಾಗಿದ್ದರೂ ನಿಮ್ಮ ಸ್ವಿಚ್‌ಗೆ ನೀವು ಕೇಳಿದಷ್ಟು ಬದಲಿ ಇಲ್ಲ.

ಮೋಡ್‌ಗಳ ಅರ್ಥ ತಿಳಿಯಲು ಒಂದು ಲೆಕ್ಕ ಮಾಡೋಣ. 3000 ವ್ಯಾಟ್‌ನ ನಾಲ್ಕು ಸಪ್ಲೈ ಇವೆ ಎಂದುಕೊಳ್ಳಿ. ‘ಕಂಬೈನ್ಡ್’ ಮೋಡ್‌ನಲ್ಲಿ ಎಲ್ಲ ಸೇರಿಸಿ 12,000 ವ್ಯಾಟ್ ಬಳಸಬಹುದು, ಬದಲಿ ಏನೂ ಇಲ್ಲ. ‘ಪಿಎಸ್ ರಿಡಂಡೆಂಟ್’ ಮೋಡ್‌ನಲ್ಲಿ ಒಂದು ಸಪ್ಲೈಯನ್ನು ಮೀಸಲಿಟ್ಟು 9000 ವ್ಯಾಟ್. ‘ಇನ್‌ಸೋರ್ಸ್ ರಿಡಂಡೆಂಟ್’ ಅಂದರೆ ಒಂದು ಇಡೀ ಫೀಡ್ (ಕರೆಂಟ್ ಬರುವ ದಾರಿ) ಹೋದರೂ ನಡೆಯಬೇಕು ಎಂಬ ಲೆಕ್ಕ. ಎರಡು ಸಪ್ಲೈ ಎ ಫೀಡ್‌ನಲ್ಲಿ, ಎರಡು ಬಿ ಫೀಡ್‌ನಲ್ಲಿ ಇದ್ದರೆ 6000 ವ್ಯಾಟ್ ಮಾತ್ರ.

ಈಗ ಕಾರ್ಡ್‌ಗಳಿಗೆ ಮೀಸಲಾದ ಒಟ್ಟು ಬಜೆಟ್ 7200 ವ್ಯಾಟ್ ಇದೆ ಎನ್ನಿ. ಪಿಎಸ್ ರಿಡಂಡೆಂಟ್‌ನಲ್ಲಿ ಎಲ್ಲ ಸರಿ, ಅಲಾರಂ ಇಲ್ಲ. ಆದರೆ ಎ ಫೀಡ್‌ನ ಎಂಸಿಬಿ (ಸರ್ಕ್ಯೂಟ್ ಬ್ರೇಕರ್) ಟ್ರಿಪ್ ಆದರೆ ಒಂದೇ ಏಟಿಗೆ ಎರಡು ಸಪ್ಲೈ ಹೋಗುತ್ತವೆ. ಉಳಿಯುವುದು 6000. ನಿಜವಾದ ಬಳಕೆ ಬಜೆಟ್‌ಗಿಂತ ಕಡಿಮೆ ಇರುವುದರಿಂದ ಸ್ವಿಚ್ ಆ ಕ್ಷಣ ನಿಲ್ಲದೇ ಇರಬಹುದು. ಆದರೆ ಆಗ ಯಾವುದಾದರೂ ಕಾರ್ಡ್ ರೀಲೋಡ್ ಆದರೆ ಅದಕ್ಕೆ ಪವರ್ ಸಿಗುತ್ತದೆ ಎಂಬ ಭರವಸೆ ಇಲ್ಲ. ‘ಶೋ ಮಾಡ್ಯೂಲ್’ನಲ್ಲಿ ‘ಪವರ್ ಡಿನೈಡ್’ ಅಂತ ಕೂತಿರುವ ಕಾರ್ಡ್ ಕಂಡರೆ ಕಾರ್ಡ್ ಬದಲಿಸಲು ಓಡಬೇಡಿ. ಮೊದಲು ಈ ಲೆಕ್ಕ ನೋಡಿ.

ಇನ್ನು ಸಪ್ಲೈಯ ಅಲಾರಂ. ಸಪ್ಲೈಯೇ ಕೆಟ್ಟಿದೆಯೋ, ಕೇಬಲ್ಲೋ, ಫೀಡೋ ಎಂದು ತಿಳಿಯಲು ಲಾಗ್‌ನಲ್ಲಿ ಸಮಯ ನೋಡುವುದೇ ಒಳ್ಳೆಯ ದಾರಿ. ಒಂದೇ ಸಪ್ಲೈ ಒಬ್ಬಂಟಿಯಾಗಿ ಬಿದ್ದಿದ್ದರೆ ಅದರ ಸುತ್ತಲೇ ಹುಡುಕಿ. ಎರಡು ಮೂರು ಸಪ್ಲೈ ಒಂದೇ ಸೆಕೆಂಡಿನಲ್ಲಿ ಬಿದ್ದಿದ್ದರೆ ಕಾರಣ ಮೇಲಿನ ಫೀಡ್‌ನಲ್ಲಿದೆ. ಬಿದ್ದು, ಒಂದೆರಡು ನಿಮಿಷಕ್ಕೆ ತಾನೇ ಎದ್ದು, ಮತ್ತೆ ಇನ್ನೊಂದು ದಿನ ಹಾಗೇ ಆಗಿದ್ದರೆ ಕರೆಂಟ್ ಹೋದ ಸಮಯದ ಜೊತೆ ಹೋಲಿಸಿ. ನಮ್ಮ ಕಡೆ ಇದು ತುಂಬಾ ಸಾಮಾನ್ಯ. ಖರ್ಚು ಉಳಿಸಲು ಎ ಫೀಡ್‌ಗೆ ಮಾತ್ರ ಯುಪಿಎಸ್ ಕೊಟ್ಟು ಬಿ ಫೀಡನ್ನು ನೇರ ಮೈನ್ಸ್‌ಗೆ ಹಾಕಿರುತ್ತಾರೆ. ಕರೆಂಟ್ ಹೋಗಿ ಜನರೇಟರ್ ಎದ್ದು ನಿಲ್ಲುವ ತನಕ ಬಿ ಕಡೆಯ ಸಪ್ಲೈಗಳೆಲ್ಲ ಸತ್ತಿರುತ್ತವೆ. ದಿನಾ ಇದೇ ಅಲಾರಂ ನೋಡಿ ನೋಡಿ ನಿರ್ವಹಣೆಯವರು ಅದನ್ನು ಲೆಕ್ಕಕ್ಕೆ ಇಡುವುದನ್ನೇ ಬಿಡುತ್ತಾರೆ. ನನ್ನ ಪ್ರಕಾರ ಇದಕ್ಕಿಂತ ಅಪಾಯದ ಸ್ಥಿತಿ ಇನ್ನೊಂದಿಲ್ಲ. ನಿಜವಾಗಿ ಸಪ್ಲೈ ಕೆಟ್ಟ ದಿನವೂ ಅದೇ ಅಲಾರಂ ಬರುತ್ತದೆ.

ಒಬ್ಬಂಟಿ ಸಪ್ಲೈ ಆದರೆ ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಮೊದಲು ಕೇಬಲ್ ಎರಡೂ ತುದಿಯಲ್ಲಿ ಗಟ್ಟಿಯಾಗಿ ಕೂತಿದೆಯಾ ನೋಡಿ. ಕೇಬಲ್ ಗುಂಪಿನ ಭಾರಕ್ಕೆ ಪ್ಲಗ್ ನಿಧಾನವಾಗಿ ಸಡಿಲವಾಗುವುದು ಉಂಟು. ಆಮೇಲೆ ಸರಿಯಿರುವುದು ಗೊತ್ತಿರುವ ಕೇಬಲ್ ಹಾಕಿ. ಆಮೇಲೆ ಪಿಡಿಯುನಲ್ಲಿ (ರ‍್ಯಾಕ್‌ಗೆ ಕರೆಂಟ್ ಹಂಚುವ ಸಾಕೆಟ್ ಪಟ್ಟಿ) ಬೇರೆ ಸಾಕೆಟ್. ಕೊನೆಗೆ ಸಪ್ಲೈಯನ್ನೇ ಖಾಲಿ ಇರುವ ಬೇರೆ ಬೇಗೆ (ಸಪ್ಲೈ ಕೂರುವ ಜಾಗ) ಹಾಕಿ. ದೋಷ ಸಪ್ಲೈ ಜೊತೆ ಹೋದರೆ ಸಪ್ಲೈ ಕೆಟ್ಟಿದೆ. ಹಳೇ ಬೇಯಲ್ಲೇ ಉಳಿದರೆ ಷಾಸಿಯದ್ದು. ಕೇಬಲ್ಲೂ ಸಪ್ಲೈಯೂ ಒಟ್ಟಿಗೆ ಬದಲಿಸಿ ‘ಸರಿ ಹೋಯ್ತು’ ಅಂದರೆ ಯಾವುದು ಕೆಟ್ಟಿತ್ತು ಅಂತ ಎಂದಿಗೂ ಗೊತ್ತಾಗುವುದಿಲ್ಲ. ಆ ಕೆಟ್ಟ ಕೇಬಲ್ ಮತ್ತೆ ಯಾರದೋ ಡ್ರಾಯರ್‌ಗೆ ಸೇರುತ್ತದೆ.

ಕೇಬಲ್ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಲೇಬಲ್ ನೋಡಿ ನಂಬಬೇಡಿ. ಸಪ್ಲೈಯಿಂದ ಶುರು ಮಾಡಿ ಕೈಯಲ್ಲಿ ಹಿಡಿದುಕೊಂಡೇ ಪಿಡಿಯು ತನಕ ಹೋಗಿ. ಅಲ್ಲಿಂದ ಪಿಡಿಯುವಿನ ತಂತಿ ಯಾವ ಡಿಬಿಗೆ (ಕರೆಂಟ್ ಹಂಚುವ ಪೆಟ್ಟಿಗೆ), ಅಲ್ಲಿಂದ ಯಾವ ಯುಪಿಎಸ್‌ಗೆ ಎಂದು ಎಲೆಕ್ಟ್ರಿಷಿಯನ್ ಜೊತೆ ನಿಂತು ನೋಡಿ. ರ‍್ಯಾಕ್‌ನ ಎಡಕ್ಕೊಂದು ಬಲಕ್ಕೊಂದು ಪಿಡಿಯು ಇದ್ದು ಎರಡೂ ಒಂದೇ ಯುಪಿಎಸ್‌ಗೆ ಸೇರಿದ್ದರೆ ಅದು ಒಂದೇ ಫೀಡ್. ಸ್ವಿಚ್‌ಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ‘ಇನ್‌ಸೋರ್ಸ್ ರಿಡಂಡೆಂಟ್’ ಎಂದು ನೀವು ಹೇಳಿದರೆ ಅದು ನಂಬುತ್ತದೆ. ಯಾವ ಬೇ ಯಾವ ಗ್ರಿಡ್‌ಗೆ ಎಂದು ಹಾರ್ಡ್‌ವೇರ್ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಕೇಬಲ್‌ಗಳು ಅದರಂತೆಯೇ ಹೋಗಿರಬೇಕು.

ಯುಪಿಎಸ್ ಎರಡಿದ್ದರೆ ಅವುಗಳ ಲೋಡ್ ಸಹ ಕೇಳಿ. ಎರಡೂ ಒಂದೇ ಗಾತ್ರದವಾಗಿದ್ದು ತಲಾ 60 ಶೇಕಡಾ ಹೊತ್ತಿದ್ದರೆ, ಒಂದು ಹೋದಾಗ ಇನ್ನೊಂದರ ಮೇಲೆ 120 ಶೇಕಡಾ ಬೀಳುತ್ತದೆ. ಆಗ ಅದೂ ಹೋಗುತ್ತದೆ.

ಶಾಖ ಮತ್ತು ಫ್ಯಾನ್

‘ಶೋ ಎನ್ವಿರಾನ್‌ಮೆಂಟ್ ಟೆಂಪರೇಚರ್’ನಲ್ಲಿ ಪ್ರತಿ ಸೆನ್ಸರ್‌ಗೂ ಮೇಜರ್ ಮಿತಿ, ಮೈನರ್ ಮಿತಿ, ಈಗಿನ ಶಾಖ ಮೂರೂ ಇರುತ್ತವೆ. ಮೈನರ್ ಮಿತಿ ದಾಟಿದರೆ ಸ್ವಿಚ್ ಸಂದೇಶ ಕಳಿಸುತ್ತದೆ, ಅಷ್ಟೇ. ಮೇಜರ್ ದಾಟಿದರೆ ತನ್ನನ್ನು ಉಳಿಸಿಕೊಳ್ಳಲು ಭಾಗಗಳನ್ನು ಆಫ್ ಮಾಡಲು ಶುರು ಮಾಡುತ್ತದೆ. ಹಾಗಾಗಿ ಮೈನರ್ ಎಂದರೆ ‘ಆಮೇಲೆ ನೋಡೋಣ’ ಅಂತಲ್ಲ. ನಿಮಗೆ ಸಿಗುವ ಸಮಯ ಅದೊಂದೇ.

ಎಲ್ಲ ಸ್ಲಾಟ್‌ಗಳ ಶಾಖವೂ ಒಟ್ಟಿಗೆ ಏರಿದೆಯಾ? ಹಾಗಿದ್ದರೆ ಕೋಣೆಯದ್ದೇ ಸಮಸ್ಯೆ. ಶನಿವಾರ ರಾತ್ರಿ ಶುರುವಾಗಿ ಸೋಮವಾರ ಬೆಳಗ್ಗೆ ನಿಲ್ಲುವ ಅಲಾರಂ ಇದ್ದರೆ ವಾರಾಂತ್ಯದಲ್ಲಿ ಎಸಿ ಆಫ್ ಮಾಡುವವರು ಯಾರು ಅಂತ ವಿಚಾರಿಸಿ. ಒಂದೇ ಸ್ಲಾಟ್ ಬಿಸಿಯಾಗಿದ್ದರೆ ಆ ಕಾರ್ಡ್ ಎದುರು ಕೇಬಲ್‌ಗಳು ಗೋಡೆಯಂತೆ ಕೂತು ಗಾಳಿ ತಡೆದಿವೆಯಾ, ಪಕ್ಕದ ಖಾಲಿ ಸ್ಲಾಟ್‌ಗೆ ಮುಚ್ಚಳ ಇದೆಯಾ ನೋಡಿ. ಆ ತಗಡಿನ ಮುಚ್ಚಳ ಬರೀ ಅಂದಕ್ಕೆ ಅಲ್ಲ. ಅದಿಲ್ಲದಿದ್ದರೆ ಗಾಳಿ ಸುಲಭವಾದ ದಾರಿ ಹಿಡಿದು ಖಾಲಿ ಜಾಗದಿಂದ ಹೋಗುತ್ತದೆ. ಬಿಸಿ ಕಾರ್ಡ್ ಮೇಲೆ ಹಾಯುವುದೇ ಇಲ್ಲ.

9508ರಲ್ಲಿ ಮೂರು ಫ್ಯಾನ್ ಟ್ರೇ ಇವೆ. ಒಂದೊಂದು ಟ್ರೇಯ ಹಿಂದೆ ಎರಡೆರಡು ಫ್ಯಾಬ್ರಿಕ್ ಮಾಡ್ಯೂಲ್ ಅಡಗಿ ಕೂತಿರುತ್ತವೆ. ಅಂದರೆ ಫ್ಯಾಬ್ರಿಕ್ ಮಾಡ್ಯೂಲ್ ಬದಲಿಸಬೇಕಾದರೆ ಚೆನ್ನಾಗಿ ಓಡುತ್ತಿರುವ ಫ್ಯಾನ್ ಟ್ರೇಯನ್ನು ಎಳೆಯಲೇಬೇಕು. ಈಗಾಗಲೇ ಇನ್ನೊಂದು ಟ್ರೇಗೆ ಅಲಾರಂ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಎಳೆಯುವ ಮುಂಚೆ ಹೊಸ ಮಾಡ್ಯೂಲ್ ಪೊಟ್ಟಣ ಬಿಚ್ಚಿ ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಟ್ರೇ ಹೊರಗೆ ಬಂದ ಕೂಡಲೇ ಉಳಿದ ಫ್ಯಾನ್‌ಗಳು ಜೋರಾಗಿ ತಿರುಗಲು ಶುರು ಮಾಡುತ್ತವೆ. ಗಾಬರಿ ಬೇಡ. ಗಾಳಿ ಕಡಿಮೆಯಾಗಿದೆ ಎಂದು ಸ್ವಿಚ್‌ಗೆ ಅರ್ಥವಾಗಿ ಹಾಗೆ ಮಾಡುತ್ತದೆ. ಎರಡು ಟ್ರೇ ಒಟ್ಟಿಗೆ ಮಾತ್ರ ತೆಗೆಯಬೇಡಿ.

ಸೂಪರ್‌ವೈಸರ್: ಸ್ಲಾಟ್‌ನಲ್ಲಿ ಕೂತಿದ್ದರೆ ಸಾಲದು

ಎರಡು ಸೂಪರ್‌ವೈಸರ್ ಇವೆ, ಎರಡಕ್ಕೂ ದೀಪ ಇದೆ ಎನ್ನುವುದರಿಂದ ಏನೂ ಹೇಳಲಾಗದು. ಎರಡರಲ್ಲಿ ಕೆಲಸ ಮಾಡುತ್ತಿರುವುದು ಆಕ್ಟಿವ್, ಅದು ಬಿದ್ದರೆ ಆ ಜಾಗಕ್ಕೆ ಬರಲು ಕಾಯುತ್ತಿರುವುದು ಸ್ಟ್ಯಾಂಡ್‌ಬೈ. ‘ಶೋ ಸಿಸ್ಟಂ ರಿಡಂಡೆನ್ಸಿ ಸ್ಟೇಟಸ್’ ಕೊಡಿ. ಈ ಕಡೆಯ ಸೂಪರ್‌ವೈಸರ್‌ನ ಒಳಸ್ಥಿತಿ ‘ಆಕ್ಟಿವ್ ವಿತ್ ಎಚ್‌ಎ ಸ್ಟ್ಯಾಂಡ್‌ಬೈ’ ಎಂದೂ ಆ ಕಡೆಯದು ‘ಎಚ್‌ಎ ಸ್ಟ್ಯಾಂಡ್‌ಬೈ’ ಎಂದೂ ಇರಬೇಕು. ‘ವಿತ್ ನೋ ಸ್ಟ್ಯಾಂಡ್‌ಬೈ’ ಎಂದು ಬಂದರೆ ನೀವು ಒಂಟಿ ಕಾಲಲ್ಲಿ ನಿಂತಿದ್ದೀರಿ.

ಸ್ಟ್ಯಾಂಡ್‌ಬೈ ಏಳದಿದ್ದರೆ ಅದರ ಕನ್ಸೋಲ್‌ಗೆ (ನೇರವಾಗಿ ಲಾಗಿನ್ ಆಗುವ ಪೋರ್ಟ್) ಕೇಬಲ್ ಹಾಕಿ ಕೂರಿ. ಆಕ್ಟಿವ್‌ನಿಂದ ನೋಡಿದರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ. ‘ಲೋಡರ್’ ಪ್ರಾಂಪ್ಟ್‌ನಲ್ಲಿ ನಿಂತಿದ್ದರೆ ಅದಕ್ಕೆ ಬೂಟ್ ಇಮೇಜ್ (ಸ್ವಿಚ್ ಏಳಲು ಬೇಕಾದ ಸಾಫ್ಟ್‌ವೇರ್ ಫೈಲ್) ಸಿಗುತ್ತಿಲ್ಲ. ‘ಶೋ ಬೂಟ್’ನಲ್ಲಿ ಎರಡೂ ಸೂಪರ್‌ವೈಸರ್‌ಗೆ ಒಂದೇ ಇಮೇಜ್ ಇದೆಯಾ, ಆ ಫೈಲ್ ನಿಜವಾಗಿ ಸ್ಟ್ಯಾಂಡ್‌ಬೈಯ ಬೂಟ್‌ಫ್ಲ್ಯಾಶ್ ಎಂಬ ಸಂಗ್ರಹದಲ್ಲಿದೆಯಾ ನೋಡಿ. ಗೋದಾಮಿನಿಂದ ಬಂದ ಬದಲಿ ಕಾರ್ಡ್‌ನಲ್ಲಿ ಹಳೇ ಆವೃತ್ತಿ ಇದ್ದು ಹೊಂದಾಣಿಕೆಯಾಗದೆ ನಿಲ್ಲುವುದು ಮಾಮೂಲು. ಎರಡೂ ಒಂದೇ ಮಾದರಿಯ ಸೂಪರ್‌ವೈಸರ್ ಆಗಿರುವುದೂ ಮುಖ್ಯ. ಬೂಟ್ ಆಗಿ, ಸ್ವಲ್ಪ ಹೊತ್ತಿಗೆ ಮತ್ತೆ ಬಿದ್ದು, ಹೀಗೇ ಸುತ್ತುತ್ತಿದ್ದರೆ ‘ಶೋ ಕೋರ್ಸ್’ನಲ್ಲಿ ಕ್ರ್ಯಾಶ್ ಫೈಲ್ ಇದೆಯಾ ನೋಡಿ. ಇದ್ದರೆ ಸಾಫ್ಟ್‌ವೇರ್ ಮೇಲೆ ಅನುಮಾನ ಪಡಿ. ಇಲ್ಲದಿದ್ದರೆ, ರೀಸೆಟ್ ರೀಸನ್‌ನಲ್ಲೂ ಸ್ಪಷ್ಟ ಕಾರಣ ಇಲ್ಲದಿದ್ದರೆ, ಹಾರ್ಡ್‌ವೇರ್ ಮೇಲೆ ಅನುಮಾನ ಜಾಸ್ತಿ ಮಾಡಿ.

‘ಶೋ ಸಿಸ್ಟಂ ಅಪ್‌ಟೈಮ್’ ಅನ್ನುವ ಸಣ್ಣ ಕಮಾಂಡ್ ಒಂದಿದೆ. ಇದರಲ್ಲಿ ಸಿಸ್ಟಂನ ಅಪ್‌ಟೈಮ್ ಮತ್ತು ಆಕ್ಟಿವ್ ಸೂಪರ್‌ವೈಸರ್‌ನ ಅಪ್‌ಟೈಮ್ ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ. ಸಿಸ್ಟಂ 400 ದಿನದಿಂದ ಓಡುತ್ತಿದೆ, ಆಕ್ಟಿವ್ ಸೂಪರ್‌ವೈಸರ್ ಮಾತ್ರ ಮೂರು ದಿನದಿಂದ ಎಂದು ಬಂದರೆ ಮೂರು ದಿನದ ಹಿಂದೆ ಸದ್ದಿಲ್ಲದೆ ಒಂದು ಸ್ವಿಚ್‌ಓವರ್ (ಸ್ಟ್ಯಾಂಡ್‌ಬೈ ಆಕ್ಟಿವ್ ಆಗುವುದು) ಆಗಿದೆ. ಅಂದರೆ ರಿಡಂಡೆನ್ಸಿ ತನ್ನ ಕೆಲಸ ಮಾಡಿದೆ. ಯಾಕೆ ಮಾಡಬೇಕಾಯಿತು ಅಂತ ಹುಡುಕುವುದು ನಮ್ಮ ಕೆಲಸ.

ಮ್ಯಾನೇಜ್‌ಮೆಂಟ್ ಪೋರ್ಟ್ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಸೂಪರ್‌ವೈಸರ್‌ಗೂ ಅದರದ್ದೇ ಮ್ಯಾನೇಜ್‌ಮೆಂಟ್ ಪೋರ್ಟ್ ಇದೆ, ಐಪಿ ವಿಳಾಸ ಮಾತ್ರ ಆಕ್ಟಿವ್ ಜೊತೆ ಹೋಗುತ್ತದೆ. ಒಂದಕ್ಕೇ ಕೇಬಲ್ ಹಾಕಿದ್ದರೆ ಸ್ವಿಚ್‌ಓವರ್ ಆದ ಕ್ಷಣ ನಿಮ್ಮ ಲಾಗಿನ್ ಹೋಗುತ್ತದೆ. ಮಾನಿಟರಿಂಗ್ ಪರದೆಯಲ್ಲಿ ಸ್ವಿಚ್ ಸತ್ತಂತೆ ಕಾಣುತ್ತದೆ, ಟ್ರಾಫಿಕ್ ಮಾತ್ರ ಆರಾಮಾಗಿ ಓಡುತ್ತಿರುತ್ತದೆ. ಆಗ ಗಾಬರಿಯಲ್ಲಿ ಯಾರಾದರೂ ಪವರ್ ಆಫ್ ಮಾಡಿದರೆ ಮುಗಿಯಿತು. ಎರಡಕ್ಕೂ ಕೇಬಲ್ ಹಾಕಿ, ಸಾಧ್ಯವಾದರೆ ಬೇರೆ ಬೇರೆ ಸ್ವಿಚ್‌ಗೆ.

ಫ್ಯಾಬ್ರಿಕ್ ಮತ್ತು ಕಾರ್ಡ್‌ಗಳು

ಫ್ಯಾಬ್ರಿಕ್ ಮಾಡ್ಯೂಲ್ ಹೋದರೆ ಲಿಂಕ್ ಬೀಳುವುದಿಲ್ಲ, ಡೇಟಾ ಹಾಯುವ ದಾರಿಯ ಅಗಲ ಕಡಿಮೆಯಾಗುತ್ತದೆ. ರಾತ್ರಿ ಎಲ್ಲ ಚೆನ್ನಾಗಿರುತ್ತದೆ, ಬೆಳಗ್ಗೆ ಹನ್ನೊಂದಕ್ಕೆ ಪ್ಯಾಕೆಟ್‌ಗಳು ಬೀಳಲು ಶುರುವಾಗುತ್ತವೆ. ಎಷ್ಟು ಮಾಡ್ಯೂಲ್ ಬೇಕು ಎನ್ನುವುದು ನಿಮ್ಮ ಲೈನ್ ಕಾರ್ಡ್ ಮೇಲೆ ನಿಂತಿದೆ. ಕೆಲವು ಕಾರ್ಡ್‌ಗೆ ನಾಲ್ಕು ಸಾಕು, ಕೆಲವಕ್ಕೆ ಜಾಸ್ತಿ ಬೇಕು.

ಈ ಷಾಸಿಯಲ್ಲಿ ಮಿಡ್‌ಪ್ಲೇನ್ (ಕಾರ್ಡ್‌ಗಳ ನಡುವೆ ನಿಲ್ಲುವ ಸಂಪರ್ಕದ ಬೋರ್ಡ್) ಇಲ್ಲ. ಲೈನ್ ಕಾರ್ಡ್ ನೇರವಾಗಿ ಫ್ಯಾಬ್ರಿಕ್ ಮಾಡ್ಯೂಲ್‌ಗೆ ಕೂಡುತ್ತದೆ. ಹಾಗಾಗಿ ಯಾವ ಕಾರ್ಡ್ ಯಾವ ಫ್ಯಾಬ್ರಿಕ್ ಮೇಲೆ ದೂರುತ್ತಿದೆ ಎಂದು ಒಂದು ಕಾಗದದ ಮೇಲೆ ಚೌಕ ಹಾಕಿ ಬರೆಯಿರಿ. ಎಲ್ಲ ಲೈನ್ ಕಾರ್ಡ್‌ಗಳೂ 24ನೇ ಸ್ಲಾಟ್ ಮೇಲೆ ದೂರುತ್ತಿದ್ದರೆ 24 ಕೆಟ್ಟಿದೆ. 3ನೇ ಕಾರ್ಡ್ ಒಂದೇ ಎಲ್ಲ ಫ್ಯಾಬ್ರಿಕ್‌ಗಳ ಮೇಲೆ ದೂರುತ್ತಿದ್ದರೆ 3ನೇ ಕಾರ್ಡ್ ನೋಡಿ. 3 ಮತ್ತು 24ರ ನಡುವೆ ಮಾತ್ರ ಜಗಳ ಇದ್ದರೆ ಆ ಕನೆಕ್ಟರ್. ಆಗ ಕಾರ್ಡ್ ತೆಗೆದು ಟಾರ್ಚ್ ಹಾಕಿ ಪಿನ್‌ಗಳನ್ನು ಒಂದೊಂದಾಗಿ ನೋಡಿ. ಬಾಗಿದ ಪಿನ್ ಕಂಡರೆ ಇನ್ನೊಂದು ಹೊಸ ಕಾರ್ಡನ್ನು ಅಲ್ಲಿಗೆ ತುರುಕಬೇಡಿ, ಅದರ ಪಿನ್ನೂ ಹಾಳಾಗುತ್ತದೆ. ಕೈಗೆ ಇಎಸ್‌ಡಿ ಪಟ್ಟಿ (ಮೈಯ ಸ್ಥಿರ ವಿದ್ಯುತ್ ಕಾರ್ಡ್‌ಗೆ ತಾಗದಂತೆ ತಡೆಯುವುದು) ಇರಲೇಬೇಕು.

‘ಶೋ ಡಯಾಗ್ನಾಸ್ಟಿಕ್ ರಿಸಲ್ಟ್ ಮಾಡ್ಯೂಲ್’ ಫಲಿತಾಂಶವನ್ನು ಒಂದೊಂದು ಅಕ್ಷರದಲ್ಲಿ ಕೊಡುತ್ತದೆ. ಚುಕ್ಕೆ ಇದ್ದರೆ ಪಾಸು, ‘ಎಫ್’ ಇದ್ದರೆ ಫೇಲು. ‘ಯು’ ಅಂದರೆ ಪರೀಕ್ಷೆ ನಡೆದೇ ಇಲ್ಲ, ಅದನ್ನು ಪಾಸು ಎಂದುಕೊಳ್ಳಬೇಡಿ. ‘ಇ’ ಅಂದರೆ ದೋಷದಿಂದ ಆ ಪರೀಕ್ಷೆಯನ್ನೇ ನಿಲ್ಲಿಸಲಾಗಿದೆ. ‘ಎಫ್’ ಬಂದರೆ ‘ಶೋ ಲಾಗಿಂಗ್ ಆನ್‌ಬೋರ್ಡ್’ ತೆಗೆದಿಡಿ. ಇದು ಕಾರ್ಡ್‌ನ ಮೇಲೇ ಬರೆದಿರುವ ಚರಿತ್ರೆ. ಬದಲಿ ಕಾರ್ಡ್ ಕೇಳುವಾಗ ಕಂಪನಿಯವರು ಮೊದಲು ಕೇಳುವ ವಸ್ತುಗಳಲ್ಲಿ ಇದೂ ಒಂದು.

ಸರಿಯಾಯಿತು ಅಂತ ಯಾವಾಗ ಹೇಳಬಹುದು

ಅಲಾರಂ ಹೋಯಿತು ಎಂದ ಮಾತ್ರಕ್ಕೆ ಟಿಕೆಟ್ ಮುಚ್ಚಬೇಡಿ. ಮೇಂಟೆನೆನ್ಸ್ ಸಮಯ ಕೇಳಿ ಪಡೆದು ಪರೀಕ್ಷೆ ಮಾಡಿ. ಮೊದಲು ಕಾನ್ಫಿಗರೇಶನ್ ಸೇವ್ ಮಾಡಿ, ಸ್ಟ್ಯಾಂಡ್‌ಬೈ ಸರಿಯಾಗಿದೆ ಎಂದು ನೋಡಿ, ‘ಸಿಸ್ಟಂ ಸ್ವಿಚ್‌ಓವರ್’ ಕೊಡಿ. ಪಿಂಗ್ ಓಡಿಸುತ್ತಲೇ ಇರಿ. ಹಳೇ ಆಕ್ಟಿವ್ ಮತ್ತೆ ಎದ್ದು ಸ್ಟ್ಯಾಂಡ್‌ಬೈ ಆಗಿ ಕೂರುವ ತನಕ ಕಾಯಿರಿ. ಅದಾದ ಮೇಲೆ ಎ ಫೀಡನ್ನು ಪಿಡಿಯುನಲ್ಲೇ ಆಫ್ ಮಾಡಿ, ಎಲ್ಲ ಕಾರ್ಡ್ ಉಳಿಯುತ್ತವೆಯಾ ನೋಡಿ. ಆನ್ ಮಾಡಿ, ಎಲ್ಲ ಸಪ್ಲೈ ‘ಓಕೆ’ ಆದ ಮೇಲೆ ಬಿ ಫೀಡ್. ಎರಡು ಪರೀಕ್ಷೆ ಒಟ್ಟಿಗೆ ಬೇಡ.

ಈ ಪರೀಕ್ಷೆ ನಡೆಯುತ್ತಿರುವಾಗಲೇ ಮಾನಿಟರಿಂಗ್ ಪರದೆಯ ಮುಂದೆ ಒಬ್ಬರು ಕೂತಿರಲಿ. ಫೀಡ್ ಆಫ್ ಮಾಡಿದಾಗ ಅಲ್ಲಿ ಪವರ್ ಸಪ್ಲೈಯ ಟ್ರ್ಯಾಪ್ (ಸ್ವಿಚ್ ತಾನೇ ಕಳಿಸುವ ಎಚ್ಚರಿಕೆ) ಬಂತಾ, ಸ್ವಿಚ್‌ಓವರ್ ಆದಾಗ ಮಾಡ್ಯೂಲ್ ಸ್ಥಿತಿ ಬದಲಾದ ಟ್ರ್ಯಾಪ್ ಬಂತಾ, ಅದು ಯಾರ ಫೋನ್‌ಗೆ ಹೋಯಿತು, ರಾತ್ರಿ ಪಾಳಿಯಲ್ಲಿರುವವರಿಗೂ ಹೋಗುತ್ತದಾ ಎಂದು ಕೇಳಿ. ಬರದಿದ್ದರೆ ಎಸ್‌ಎನ್‌ಎಂಪಿ (ಉಪಕರಣಗಳ ಮೇಲೆ ಕಣ್ಣಿಡುವ ವ್ಯವಸ್ಥೆ) ಟ್ರ್ಯಾಪ್‌ಗಳಲ್ಲಿ ಹಾರ್ಡ್‌ವೇರ್‌ಗೆ ಸಂಬಂಧಿಸಿದವು ಆನ್ ಇವೆಯಾ, ಸಿಸ್‌ಲಾಗ್ ಸರ್ವರ್ (ಲಾಗ್ ಸಂದೇಶ ಸಂಗ್ರಹಿಸುವ ಸರ್ವರ್) ವಿಳಾಸ ಈಗಿನದ್ದಾ ನೋಡಿ, ಅದೇ ರಾತ್ರಿ ಸರಿಪಡಿಸಿ, ಫೀಡನ್ನು ಇನ್ನೊಮ್ಮೆ ಆಫ್ ಮಾಡಿ ನೋಡಿ.